ಸಂಜೀವಪ್ಪನ ಹಿತ್ತಲ ಕೊಳ

ದೊಡ್ಡಬಳ್ಳಾಪುರದ ನೇಕಾರ ಸಂಜೀವಪ್ಪನಿಗೆ ನೀರು ಕಂಡರೆ ಆಗುತ್ತಿರಲಿಲ್ಲ. ಸ್ನಾನವನ್ನೇ ಮಾಡುತ್ತಿರಲಿಲ್ಲವೆಂದಲ್ಲ, ಪಾಪ; ತಂಬಿಗೆಯಲ್ಲಿ ಬಂದ ನೀರಿನೊಂದಿಗೆ ಅವನಿಗೆ ಜಗಳವಿರಲಿಲ್ಲ. ಕೆರೆ, ಬಾವಿ ಎಂದರೆ ಮಾತ್ರ ಎದೆ ಡವಗುಟ್ಟುತ್ತಿತ್ತು. ಶಿವಗಂಗೆಗೆ ಹೋದಾಗಲೂ ಕಲ್ಯಾಣಿಯ ಮೇಲಿನ ಮೆಟ್ಟಿಲಲ್ಲೇ ನಿಂತು ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡು ಬಂದ ಆಸಾಮಿ. ಅಂಥವನು ಎರಡನೇ ಮಹಾಯುದ್ಧದ ಕಾಲದಲ್ಲಿ, ನೂಲು ಸಿಗದೆ ಮಗ್ಗ ಸುಮ್ಮನೆ ಬಿದ್ದಿದ್ದಾಗ, ಹಿತ್ತಲಲ್ಲಿ ಈಜುಕೊಳ ಕಟ್ಟಿಸಲು ಹೊರಟರೆ ಬೀದಿಯವರು ನಗದೆ ಇನ್ನೇನು ಮಾಡಿಯಾರು?

ಕಾರಣ ಹೆಂಡತಿ ರುಕ್ಮಿಣಮ್ಮ. ಆಕೆ ರಾಜಘಟ್ಟದ ಹೆಣ್ಣುಮಗಳು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಊರ ಕೆರೆಯಲ್ಲಿ ಈಜು ಕಲಿತವಳು. ಮದುವೆಯಾಗಿ ಬಂದ ಮೇಲೆ ನೆಲಕ್ಕೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದ್ದೇ ಸುತ್ತಿದ್ದು. ಈಗ ಮಂಡಿಗಳು ಮಡಚಲೊಲ್ಲವು; ಗೋಡೆ ಹಿಡಿದೇ ಓಡಾಡಬೇಕು. ಪಂಡಿತರು ಎಣ್ಣೆ ಕೊಟ್ಟರು, ಕಷಾಯ ಕೊಟ್ಟರು. ಮಂಡಿಗಳು ಯಾವುದಕ್ಕೂ ಸೊಪ್ಪು ಹಾಕಲಿಲ್ಲ.

"ಒಂದ್ಸಲ ನೀರಿಗೆ ಬಿದ್ದು ಕಾಲು ಬಡಿದಿದ್ರೆ ಸರಿಹೋಗ್ತಿತ್ತೇನೋ," ಎಂದಳು ಒಂದು ಸಂಜೆ, ತನಗೆ ತಾನೇ ಹೇಳಿಕೊಂಡಂತೆ. "ಇನ್ನೆಲ್ಲಿ ಕೆರೆ, ಇನ್ನೆಲ್ಲಿ ನಾನು."

ಆ ಮಾತು ಸಂಜೀವಪ್ಪನ ಕಿವಿಗೆ ಬಿತ್ತು. ಮರುದಿನವೇ ಕಲ್ಲುಕೆಲಸದ ದೊಡ್ಡಮುನಿಯಪ್ಪನನ್ನು ಕರೆತಂದ. ಈಜಲೊಂದು ಕೊಳ, ಪಕ್ಕದಲ್ಲಿ ಒಲೆಯ ಮೇಲೊಂದು ಹಂಡೆ, ಬಿಸಿನೀರು ಹರಿದು ಕೊಳಕ್ಕೆ ಬೀಳಲು ಕಲ್ಲಿನ ದೋಣಿ, ಯಾರ ಕಣ್ಣೂ ಬೀಳದಂತೆ ಸುತ್ತಲೂ ತೆಂಗಿನ ಗರಿಯ ತಟ್ಟಿ. ಎಲ್ಲ ಅವನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು.

"ಅಳತೆ ಅಮ್ಮಾರನ್ನ ಕೇಳಾನ, ಸಂಜೀವಪ್ಪಣ್ಣ. ಈಜು ಬಲ್ಲೋರು ಅವ್ರು," ಎಂದ ದೊಡ್ಡಮುನಿಯಪ್ಪ.

"ಬ್ಯಾಡ ಕಣಯ್ಯ. ಮುಗಿಯೋವರ್ಗೂ ಅವ್ಳಿಗೆ ಗೊತ್ತಾಗ್ಬಾರ್ದು. ಅಳತೆ ನಾನ್ ಕೊಡ್ತೀನಿ."

ಬಚ್ಚಲು ದೊಡ್ಡದು ಮಾಡಿಸುತ್ತಿದ್ದೇನೆಂದು ಹೆಂಡತಿಗೆ ಸುಳ್ಳು ಹೇಳಿ, ನಗುವ ಬೀದಿಯವರಿಗೂ ಅವಳ ಮುಂದೆ ಬಾಯಿಬಿಡಬೇಡಿರೆಂದು ಕೇಳಿಕೊಂಡ. ತನ್ನ ಸೊಂಟದಿಂದ ಅಂಗಾಲಿನವರೆಗೆ ದಾರ ಹಿಡಿದು ಆಳ ಕೊಟ್ಟ, ಎರಡು ಕೈ ಚಾಚಿ ಉದ್ದಗಲ ಕೊಟ್ಟ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ತಾನೇ ಗಾರೆ ಅರೆದ.

ಕೊನೆಗೊಂದು ಬೆಳಗ್ಗೆ ಕೊಳ ತುಂಬಿಸಿ, ಹಂಡೆಯ ಬಿಸಿನೀರು ಬಿಟ್ಟು, ಹಬೆಯಾಡುವಾಗ ರುಕ್ಮಿಣಮ್ಮನ ಕೈಹಿಡಿದು ತಟ್ಟಿಯೊಳಗೆ ಕರೆತಂದ. ಆಕೆ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಇದೇನ್ರೀ ಇದು! ಮಗ್ಗದ ಗುಂಡಿ ತೋಡ್ಸಿಬಿಟ್ಟಿದೀರಲ್ಲಾ!"

ನಿಜ. ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿಯೇ ಅದು, ಸ್ವಲ್ಪ ಅಗಲ ಅಷ್ಟೆ. ನೆಲದೊಳಕ್ಕೆ ಇಳಿಯುವ ಜಾಗವೆಂದು ಈ ಮನುಷ್ಯ ಜೀವಮಾನದಲ್ಲಿ ಕಂಡದ್ದು ಅದೊಂದೇ ತಾನೆ? ಅದರಲ್ಲಿ ಮೀನೂ ಈಜಲಾರದು. ಸಂಜೀವಪ್ಪನ ಮುಖ ಸಪ್ಪಗಾಯಿತು.

"ನಾಳೆ ಒಡೆಸ್ಹಾಕ್ತೀನಿ ಬಿಡು," ಎಂದ.

ರುಕ್ಮಿಣಮ್ಮ ಅವನ ಭುಜ ಹಿಡಿದು ಅಂಚಿನ ಮೇಲೆ ಕೂತು, ಉಟ್ಟ ಸೀರೆಯಲ್ಲೇ ಕಾಲು ನೀರಿಗೆ ಇಳಿಬಿಟ್ಟಳು. ಕಾಲು ಮಡಚಿ ಕೂರುವ ಕಷ್ಟ ಇಲ್ಲಿರಲಿಲ್ಲ. ಬೆಚ್ಚಗಿನ ನೀರು ಮಂಡಿ ದಾಟುತ್ತಲೇ "ಅಬ್ಬಾ" ಎಂದು ಕಣ್ಣು ಮುಚ್ಚಿದಳು.

"ಬನ್ನಿ, ನೀವೂ ಕೂತ್ಕೊಳ್ಳಿ. ಮಗ್ಗ ಅಂದ್ಕೊಳ್ಳಿ."

ಮಗ್ಗವೆಂದಮೇಲೆ ಭಯವೇನು? ಎದುರಿಗೆ ಕೂತು ಅವನೂ ಕಾಲು ಇಳಿಬಿಟ್ಟ. ತಿಂಗಳುಗಟ್ಟಲೆ ಕೆಲಸವಿಲ್ಲದ ಕಾಲುಗಳು. ಗುಂಡಿ ಸಿಕ್ಕಿದ್ದೇ ತಡ, ಇಲ್ಲದ ಮಗ್ಗದ ಕಾಲುಹಲಗೆಗಳನ್ನು ಒಂದಾದಮೇಲೊಂದು ತುಳಿಯತೊಡಗಿದವು. ನೀರು ಎದ್ದು ಇಬ್ಬರ ಮೇಲೂ ಹಾರಿತು.

"ಅಯ್ಯೋ, ಇದೇ ಕಣ್ರೀ ಈಜೋದು! ಹಿಂಗೇ ಕಾಲು ಬಡಿಯೋದು!" ರುಕ್ಮಿಣಮ್ಮ ಹುಡುಗಿಯಂತೆ ಕೂಗಿದಳು.

ಅವನ ತುಳಿತಕ್ಕೆ ಸರಿಯಾಗಿ ಅವಳ ಬಲಗಾಲು ಅಲುಗಿತು. ತಡೆದು ತಡೆದು ಎಡಗಾಲೂ ಅಲುಗಿತು. ಅವಳ ತುಟಿ ಬಿಗಿಯುವುದನ್ನು ಕಂಡು ಸಂಜೀವಪ್ಪ ನಿಲ್ಲಿಸಿದ.

"ನೋಯ್ತದೇನೇ?"

"ನೋಯ್ತದೆ. ನೀವು ತುಳೀತಾ ಇರಿ."