ನಮ್ಮತ್ತೆಗೆ ಒಂದು ಅಂಗಿ

ಅತ್ತೆ ತೀರಿಕೊಂಡ ದಿನ ಬೆಳಿಗ್ಗೆ ಪಕ್ಕದ ಬೇಕರಿಯಾಕೆ ನನ್ನನ್ನು ಒಳಕೋಣೆಗೆ ಕರೆದು, "ಮೈ ತೊಳೆದಾಯ್ತು. ಅವರದೊಂದು ಒಳ್ಳೆ ಅಂಗಿ ಕೊಡಮ್ಮ, ಹಾಕೋಣ" ಎಂದಳು. ನಮ್ಮದು ದರ್ಜಿ ಮನೆ. ಕೆಳಗೆ ಅಂಗಡಿ, ಮೇಲೆ ನಾವು. ಮಾವ ಬಟ್ಟೆ ಕತ್ತರಿಸುತ್ತಾರೆ, ನನ್ನ ಗಂಡ ಹೊಲಿಯುತ್ತಾರೆ, ನಾನು ಗಿರಾಕಿಗಳನ್ನು ಸಂಭಾಳಿಸುತ್ತೇನೆ. ಇಂಥ ಮನೆಯಲ್ಲಿ ಅಂಗಿಗೇನು ಬರ ಎಂದುಕೊಂಡು ಬೀರು ತೆಗೆದೆ. ತೆಗೆದವಳು ಹಾಗೇ ನಿಂತುಬಿಟ್ಟೆ.

ಬೀರು ತುಂಬ ಅಂಗಿಗಳಿದ್ದವು. ಒಂದಾದರೂ ಅತ್ತೆಗೆಂದು ಹೊಲಿದದ್ದಲ್ಲ. ವಕೀಲರ ಹೆಂಡತಿ ಭುಜ ಬಿಗಿಯಾಯಿತೆಂದು ರೇಗಾಡಿ ಬಿಸಾಕಿ ಹೋದದ್ದು, ಟೀಚರಮ್ಮ ತೋಳು ಗಿಡ್ಡವೆಂದು ವಾಪಸು ಮಾಡಿದ್ದು, ನನ್ನ ಗಂಡ ಮಾತಾಡುತ್ತ ಮಾತಾಡುತ್ತ ಎಡ ತೋಳನ್ನು ಬಲಕ್ಕೆ ಕೂರಿಸಿದ್ದು. ಅಂಗಡಿಯಲ್ಲಿ ಕೆಟ್ಟದ್ದೆಲ್ಲ ಮೇಲಕ್ಕೆ ಬರುತ್ತಿತ್ತು. ಅತ್ತೆ ಅದನ್ನು ಒಂದು ಕಡೆ ಬಿಚ್ಚಿ, ಇನ್ನೊಂದು ಕಡೆ ಹಿಡಿದು, ಹೇಗೋ ಮೈಗೆ ಹೊಂದಿಸಿಕೊಳ್ಳುತ್ತಿದ್ದರು. ನಾವ್ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. "ಇದರಲ್ಲಿ ಒಳ್ಳೇದು ಯಾವುದಮ್ಮ?" ಎಂದು ಬೇಕರಿಯಾಕೆ ನನ್ನ ಹಿಂದೆ ಬಂದು ನಿಂತು ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಸೊಸೆಯಾಗಿ ಈ ಮನೆಗೆ ಬಂದಾಗ ಮಾವನ ಹತ್ತಿರ ಇದ್ದದ್ದು ಒಂದು ಹಳೇ ಮಿಷನ್ನು ಮತ್ತು ಮೂಗಿನ ತುದಿಯಲ್ಲಿ ಕೋಪ. ಕಾಜ ಹಾಕುವ ಕೆಲಸ ಅತ್ತೆಯ ಪಾಲಿಗೆ ಬಂತು. ಗುಂಡಿ ತೂರಿಸುವ ಸೀಳಿನ ಸುತ್ತ ದಾರ ಹೆಣೆದು ಅಂಚು ಕಟ್ಟುವುದು ಹೇಳಿದಷ್ಟು ಸುಲಭವಲ್ಲ, ಕಣ್ಣು ಬಸಿದುಹೋಗುತ್ತದೆ. ಮೆಟ್ಟಿಲ ಪಕ್ಕದ ಕಿಟಕಿಯಲ್ಲಿ ಕೂತು, ಕೂಸಾಗಿದ್ದ ನನ್ನ ಗಂಡನಿಗೆ ಹಾಲು ಕುಡಿಸುತ್ತ ಕಾಜ ಹಾಕಿದರು. ಆಮೇಲೆ ನನ್ನ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಕಿದರು. ನಮ್ಮ ಬೋರ್ಡಿನ ಮೇಲೆ 'ಕೈಕಾಜವೇ ನಮ್ಮ ಹೆಗ್ಗಳಿಕೆ' ಎಂದು ದೊಡ್ಡ ಅಕ್ಷರದಲ್ಲಿದೆ. ಕೈ ಯಾರದು ಎಂದು ಬರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ನನಗೂ ಕಲಿಸಿ ಅತ್ತೆ" ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಸುಮ್ನಿರು, ನಿನ್ನ ಕಣ್ಣೂ ಯಾಕೆ ಹಾಳಾಗ್ಬೇಕು? ನಾನಿದ್ದೀನಲ್ಲ" ಎಂದರು. ಅಷ್ಟು ಸಾಕಾಯಿತು ನನಗೆ. ಎರಡನೇ ಸಲ ಕೇಳುವ ಗೋಜಿಗೇ ಹೋಗಲಿಲ್ಲ.

ತಮಾಷೆಗೇನೂ ಕಮ್ಮಿ ಇರಲಿಲ್ಲ ಅವರಿಗೆ. ಕೆಟ್ಟ ಅಂಗಿ ಹೊಸದಾಗಿ ಹಾಕಿಕೊಂಡ ದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಯಾರಲ್ಲಿ! ಇವತ್ತು ನಾನು ವಕೀಲರ ಹೆಂಡತಿ, ಕಾಫಿ ತನ್ನಿ!" ಎನ್ನುತ್ತಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

"ನಾಳೆ ಯಾರಾಗ್ತೀಯ ಅಜ್ಜಿ?" ಎಂದು ನನ್ನ ಮಗಳು ಕೇಳುವಳು.

"ನಿಮ್ಮಪ್ಪ ಯಾರದ್ದನ್ನ ಕೆಡಿಸ್ತಾನೋ ನೋಡೋಣ ತಡಿ."

ಕಾಫಿಯನ್ನು ಮಾತ್ರ ಕೊನೆಗೆ ಅವರೇ ಎದ್ದು ಮಾಡಿ ನಮಗೆಲ್ಲ ಕೊಡುತ್ತಿದ್ದರು.

ತಮಗಾಗಿ ಅವರು ಬಾಯಿ ಬಿಟ್ಟು ಕೇಳಿದ್ದು ಒಂದೇ. ನನ್ನ ಮಗಳು ಶಾಲೆಗೆ ಸೇರಿದ ವರ್ಷ ತಿಳಿನೀಲಿ ಬಟ್ಟೆಯೊಂದನ್ನು ತಂದು ಮಾವನ ಮುಂದಿಟ್ಟು, "ನಂಗೊಂದು ಹೊಲ್ಕೊಡಿ. ನನ್ನ ಅಳತೆಗೆ" ಎಂದರು.

"ಸೀಸನ್ ಮುಗೀಲಿ ಕಣೇ" ಎಂದರು ಮಾವ.

ದರ್ಜಿಗೆ ಸೀಸನ್ ಮುಗಿಯುವುದುಂಟೆ? ಬಟ್ಟೆ ಅಂಗಡಿಯ ಅಟ್ಟಣಿಗೆಯ ಮೇಲ್ತುದಿಗೆ ಹೋಯಿತು. ಅತ್ತೆ ಕಸ ಗುಡಿಸುವಾಗ ಅದನ್ನು ನೋಡಿ, "ಮುಗೀತೇನ್ರೀ ನಿಮ್ಮ ಸೀಸನ್ನು?" ಎನ್ನುವರು. ಮಾವ ಕತ್ತರಿಯಿಂದ ತಲೆ ಎತ್ತದೆ, "ಹೂಂ, ಮುಗೀತಾ ಬಂತು" ಎನ್ನುವರು. ಮಗಳು ಈಗ ಕಾಲೇಜಿನಲ್ಲಿದ್ದಾಳೆ.

ನಾನು ಕೆಳಗೆ ಹೋಗಿ, "ಮಾವ, ಅತ್ತೆಗೆ ಹಾಕೋಕೆ ಅಂಗಿ ಇಲ್ಲ" ಎಂದೆ.

"ಬೀರು ತುಂಬ ಇದಾವಲ್ಲ?"

"ಅವೆಲ್ಲ ಬೇರೆಯವರದ್ದು ಮಾವ."

ಮಾವ ಎದ್ದು, ಸ್ಟೂಲು ಹತ್ತಿ, ಆ ನೀಲಿ ಬಟ್ಟೆ ಇಳಿಸಿ ಧೂಳು ಕೊಡವಿದರು. ಟೇಪು ಕೈಗೆ ತೆಗೆದುಕೊಂಡು, "ಅವಳ ಅಳತೆ ಎಷ್ಟು?" ಎಂದು ನನ್ನನ್ನು ಕೇಳಿದರು.

"ನನ್ನನ್ನ ಕೇಳ್ತೀರಾ? ಸಂಸಾರ ಮಾಡಿದ್ದು ನೀವು!" ಎಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಸುಳ್ಳೇನೂ ಹೇಳಿರಲಿಲ್ಲ.

ಟೇಪು ಹಿಡಿದು ಅವರು ಒಳಕೋಣೆಗೆ ಬಂದಾಗ ಹೆಂಗಸರೆಲ್ಲ ಪಕ್ಕಕ್ಕೆ ಸರಿದರು. ಬೇಕರಿಯಾಕೆ ಗೋಡೆ ಕಡೆ ಮುಖ ತಿರುಗಿಸಿದಳು. ಮಾವ ಭುಜ ಅಳೆದರು, ನಂಬಿಕೆ ಬಾರದವರಂತೆ ಮತ್ತೊಮ್ಮೆ ಅಳೆದರು. "ಇಷ್ಟು ಚಿಕ್ಕ ಭುಜಾನಾ ಇವಳದ್ದು?" ಎಂದರು.

ಮಾವ ಕತ್ತರಿಸಿದರು, ನನ್ನ ಗಂಡ ಕಣ್ಣೊರೆಸಿಕೊಳ್ಳುತ್ತ ಹೊಲಿದರು. ಹೊರಗೆ ಜನ ಕಾಯುತ್ತಿದ್ದರು. "ಹೊತ್ತಾಗ್ತಿದೆ" ಎಂದು ಯಾರೋ ಹೇಳಿ ಕಳಿಸಿದರು. ಅಂಗಿ ಚೆನ್ನಾಗಿ ಬಂದಿತ್ತು, ಭುಜ ಕೂತ ರೀತಿ ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಗಂಡ ಕೊನೆಯ ಗುಂಡಿ ಹಾಕಿ, ದಾರ ಹಲ್ಲಿನಲ್ಲಿ ಕಡಿದು, ಅಂಗಿಯನ್ನು ನನ್ನ ಕೈಗಿತ್ತು, "ಮೇಲೆ ಕೊಡು, ಅಮ್ಮ ಕಾಜ ಹಾಕ್ಲಿ" ಎಂದರು.

ಅಂದವರು ಮುಖ ಮುಚ್ಚಿಕೊಂಡು ಮಿಷನ್ನಿನ ಮೇಲೆ ತಲೆಯಿಟ್ಟರು.

ಕೈಕಾಜಕ್ಕೆ ಹೆಸರಾದ ಅಂಗಡಿಯಲ್ಲಿ ಕಾಜ ಹಾಕಲು ಬರುವವರು ಒಬ್ಬರೂ ಉಳಿದಿರಲಿಲ್ಲ. "ಎದುರಿನ ದರ್ಜಿ ಅಂಗಡಿಗೆ ಕಳಿಸೋಣ್ವಾ?" ಎಂದೆ. ಮಾವ ಬೇಡವೆಂದು ತಲೆಯಾಡಿಸಿ, ಅತ್ತೆಯ ಸೂಜಿಯನ್ನೇ ತರಿಸಿಕೊಂಡು ತಾವೇ ಕೂತರು. ರೂಢಿಯಿಲ್ಲದ ಕೈಯಲ್ಲಿ ಮೊದಲ ಸೀಳು ಉದ್ದವಾಯಿತು. ಸುತ್ತ ಹಾಕಿದ ದಾರ ಗಂಟುಗಂಟಾಯಿತು. ಗುಂಡಿ ಹಾಕಿ ನೋಡಿದರೆ ಜಾರಿ ಹೊರಗೆ ಬಂತು. ಎರಡನೆಯದೂ ಹಾಗೇ ಆಯಿತು.

"ಕೆಟ್ಟೋಯ್ತಮ್ಮ" ಎಂದರು ಮಾವ.

ನಮ್ಮ ಅಂಗಡಿಯಲ್ಲಿ ಕೆಟ್ಟದ್ದು ಹೋಗುವ ಜಾಗ ಒಂದೇ. ನಾನು ಅದನ್ನು ತೆಗೆದುಕೊಂಡು ಮೆಟ್ಟಿಲು ಹತ್ತಿ, ಅತ್ತೆಗೆ ಹಾಕಿದೆ.