ಕಿತ್ತಳೆ ಬಣ್ಣದ ಎಂಜಿನ್

ಗ್ಯಾರೇಜಿನಲ್ಲಿ ಎಲ್ಲರಿಗೂ ಅವಳು ಬಣ್ಣದಕ್ಕ. ಗ್ಯಾರೇಜು ತಮ್ಮನದು. ಗಂಡ ತೀರಿಕೊಂಡ ವರ್ಷ "ಮನೇಲಿ ಕೂತು ಏನ್ಮಾಡ್ತೀಯ, ಬಾ" ಎಂದು ಅವನೇ ಬಣ್ಣ ಸಿಂಪಡಿಸುವ ಗನ್ನನ್ನು ಅವಳ ಕೈಗಿಟ್ಟಿದ್ದ. ತಲೆ ನರೆತರೂ ಅದನ್ನು ಕೆಳಗಿಟ್ಟಿರಲಿಲ್ಲ. ಅವಳು ಬಳಿದ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎನ್ನುತ್ತಿದ್ದರು. ಈಚೆಗೆ ಬಲಭುಜ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಜಡೆ ಹಾಕಲೂ ಮಗಳೇ ಬರಬೇಕಾಗಿತ್ತು.

ಅಂಥ ಹೊತ್ತಿನಲ್ಲೇ ಹಲ್ಲಿನ ಡಾಕ್ಟರೊಬ್ಬರ ಹಳೆಯ ಅಮೆರಿಕನ್ ಕಾರು ಬಂತು. ಡಾಕ್ಟರು ಮಾತಿನಲ್ಲಿ ಬೆಣ್ಣೆ, ಹಟದಲ್ಲಿ ಉಡ. ಎಂಟು ಸಿಲಿಂಡರಿನ ಆ ಎಂಜಿನ್ನು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಆಗಬೇಕು ಎಂದರು. ಬಣ್ಣದಕ್ಕ ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಉಜ್ಜಿ, ಕಿತ್ತಳೆ ಬಣ್ಣ ಬಳಿದು, ಕನ್ನಡಿಯಂತೆ ಮಾಡಿಟ್ಟಳು.

ಡಾಕ್ಟರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಿಟ್ಟುಸಿರಿಟ್ಟರು. "ತುಂಬಾ ಚೆನ್ನಾಗಿದೆಯಮ್ಮ. ಅದೇ ತೊಂದರೆ."

ಕಾರ್ಖಾನೆ ಬಿಟ್ಟ ಮೇಲೆ ಯಾರೂ ಮತ್ತೆ ಬಣ್ಣ ಬಳಿಯದ ಅಂಥದೇ ಎಂಜಿನ್ನಿನ ಫೋಟೊ ತೋರಿಸಿದರು. ಕಾರ್ಖಾನೆಯಲ್ಲಿ ಎಲ್ಲ ಜೋಡಿಸಿದ ಮೇಲೆ ಒಟ್ಟಿಗೆ ಬಣ್ಣ ಹೊಡೆಯುತ್ತಿದ್ದರಂತೆ. ಹಾಗಾಗಿ ಬೋಲ್ಟುಗಳ ತಲೆಗೂ ಬಣ್ಣ, ಹೊಗೆ ಕೊಳವೆಯ ಮೇಲೂ ಬಣ್ಣ ಸಿಡಿದ ಕಲೆ. ಹಿಂಬದಿಯಲ್ಲಿ ಗನ್ನು ತಲುಪದ ಕಡೆ ಬರೀ ಕಬ್ಬಿಣ. ಕೆಳಗಡೆ ಬಣ್ಣ ಇಳಿದು ಒಣಗಿದ ಗೆರೆ.

"ಹಾಗಾದ್ರೆ ಕೆಟ್ಟದಾಗಿ ಬಳೀಬೇಕಾ?"

"ಕೆಟ್ಟದಾಗಲ್ಲ, ಅವರು ಬಳಿದ ಹಾಗೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೆಲ ಡೊಂಕಾಗೇ ಇರ್ಬೇಕು ಅನ್ನೋರನ್ನ ಇವತ್ತೇ ನೋಡಿದ್ದು" ಎಂದಳು. ತಮ್ಮ ನಕ್ಕ, ಡಾಕ್ಟರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಬಣ್ಣ ಕರಗಿಸುವ ದ್ರಾವಣದ ಘಾಟಿಗೆ ಕಣ್ಣು ಉರಿಯಿತು, ಉಜ್ಜಿ ಉಜ್ಜಿ ಭುಜ ಬಿದ್ದುಹೋಯಿತು. ತಮ್ಮ ಎಂಜಿನ್ ಜೋಡಿಸಿಕೊಟ್ಟ. ಈ ಸಲ ಅವಳು ಬಣ್ಣ ಎಲ್ಲಿ ಸಿಡಿಯಬೇಕು, ಎಲ್ಲಿ ಇಳಿಯಬೇಕು ಎಂದು ಲೆಕ್ಕ ಹಾಕಿಯೇ ಬಳಿದಳು.

ತಮ್ಮ ತಲೆ ಕೆರೆದುಕೊಂಡ. "ಅಕ್ಕಾ, ಬೈಕೋಬೇಡ. ಕಸೂತಿ ಹಾಕ್ದಂಗಿದೆ."

ಬೈಯಲೂ ತ್ರಾಣವಿರಲಿಲ್ಲ. ಮತ್ತೆ ಉಜ್ಜಿದಳು. ಆಮೇಲೆ ಬಣ್ಣದ ಡಬ್ಬದ ಮೇಲೆ ಕುಕ್ಕರಿಸಿ ಫೋಟೊ ಹಿಡಿದಳು. ಒಂದು ಕಡೆ ಬಣ್ಣ ದಟ್ಟ, ಇನ್ನೊಂದು ಕಡೆ ತೆಳು. ಹೊಡೆದವನು ಸುತ್ತಾಡಿಲ್ಲ, ನಿಂತಲ್ಲೇ ನಿಂತಿದ್ದಾನೆ. ಎಂಜಿನ್ನೇ ಸರಪಳಿಗೆ ನೇತುಬಿದ್ದು ಅವನ ಮುಂದೆ ಸಾಗಿದೆ, ಅದರ ಹಿಂದೆ ಇನ್ನೊಂದು, ಮತ್ತೊಂದು. ಆಚೆ ಬದಿಗೆ ಕೈ ಚಾಚಿದ್ದಾನೆ, ಪೂರ್ತಿ ಎಟುಕಿಲ್ಲ.

"ಪಾಪ, ಅವನಿಗೂ ಭುಜ ನೋಯ್ತಿತ್ತೋ ಏನೋ."

"ಯಾರಿಗೆ?"

"ಇದನ್ನ ಬಳಿದವನಿಗೆ. ಏಳು, ಎಂಜಿನ್ನು ಸರಪಳಿಗೆ ನೇತು ಹಾಕು."

"ಮುಖ ನೋಡ್ಕೋ, ಬಾಡಿ ಹೋಗಿದೆ. ನಾಳೆ ಮಾಡಕ್ಕ."

"ನಾಳೆ ಅಂದ್ರೆ ಸುಧಾರಿಸ್ಕೊಂಡಿರ್ತೀನಿ. ಮತ್ತೆ ನೀಟಾಗಿ ಬಂದ್ಬಿಡುತ್ತೆ."

ತಮ್ಮ ಎಂಜಿನ್ನನ್ನು ಮೆಲ್ಲಗೆ ಎಳೆಯುತ್ತ ಹೋದ. ಅವಳು ನಿಂತ ಜಾಗ ಬಿಡಲಿಲ್ಲ. ಕೈ ಎಟುಕಿದಷ್ಟು ಹೊಡೆದಳು, ಎಟುಕದ್ದನ್ನು ಬಿಟ್ಟಳು. ಕೆಳಗೆ ಒಂದು ಹನಿ ಇಳಿಯತೊಡಗಿತು. ಒರೆಸಲು ಹೋದ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಮ್ಮನೆ ನಿಂತಳು.

ಡಾಕ್ಟರು ಬಂದವರು ಫೋಟೊ ಹಿಡಿದು ಹಿಂಬದಿಯವರೆಗೂ ಬಗ್ಗಿ ಬಗ್ಗಿ ನೋಡಿದರು. ಆಮೇಲೆ "ಇದೇ, ಇದೇ!" ಎಂದು ಅವಳ ಕೈ ಹಿಡಿದುಕೊಂಡರು. ಅವಳಿಗೆ ಬಟ್ಟೆಯ ಮೇಲಿನ ಕಲೆಯನ್ನು ಯಾರೋ ಹೊಗಳಿದಂತಾಯಿತು. ಒಳಗೊಳಗೇ ಸಂಕೋಚವಾಯಿತು, ಸ್ವಲ್ಪ ಸಂತೋಷವೂ ಆಯಿತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲಾದರೂ ಮಲಗಿಬಿಡಬೇಕು ಎನ್ನಿಸಿತು.

ಕಾರು ಹೋದ ಮೇಲೆ ತಮ್ಮನಿಗೆ ಹೇಳಿದಳು: "ನನ್ನ ಕೈಲಿ ಇನ್ನಾಗಲ್ಲ ಕಣೋ. ಬೇರೆ ಯಾರನ್ನಾದ್ರೂ ನೋಡ್ಕೋ."

ಅವನು ಹುಡುಕಿದ. ಬಂದವರು ನಿಲ್ಲಲಿಲ್ಲ, ನಿಂತವರಿಗೆ ಕೆಲಸ ಬರಲಿಲ್ಲ. ಕೊನೆಗೆ ಅಕ್ಕ ತಮ್ಮ ಒಂದು ಒಪ್ಪಂದಕ್ಕೆ ಬಂದರು. ಈಗ ಅವಳು ಮಧ್ಯಾಹ್ನದ ಊಟದವರೆಗೆ ಮಾತ್ರ ಬಳಿಯುತ್ತಾಳೆ. ಆಮೇಲೆ ಯಾರ ಕಾರೇ ಬಂದರೂ ಗನ್ನು ಮುಟ್ಟುವುದಿಲ್ಲ.