ಬಣ್ಣ ಕೆರೆದ ಜಾಗದಲ್ಲಿ ಒಂದು ಹಸಿರು ತಂತಿ

ದೋಣಿಕಟ್ಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಿಳಿ ದೋಣಿಯೊಂದರ ಹಲಗೆಗಳ ಅಡಿಯಲ್ಲಿ ಬೋರಲು ಮಲಗಿ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಹೆಂಗಸೊಬ್ಬರು ಪೆಟ್ರೋಲ್ ಟ್ಯಾಂಕನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಾರೆ. ಕಟ್ಟೆಯವರೆಲ್ಲ ಅವರನ್ನು ಕರೆಯುವುದು ತಂತಿಯಕ್ಕ ಎಂದು. "ಬಣ್ಣ ಏನೋ ಚೆನ್ನಾಗೇ ಹೊಡೆದಿದ್ದಾರೆ, ಮದುವೆ ಮನೆಗೆ ಹೊರಟ ಹಾಗಿದೆ. ಆದ್ರೆ ನಂಗೆ ಇಷ್ಟು ಜಾಗ ಬೋಳಾಗಿರ್ಬೇಕು," ಎಂದು ಉಗುರಿನಷ್ಟು ಹೊಳೆಯುವ ಲೋಹ ತೋರಿಸುತ್ತಾರೆ.

ಪೆಟ್ರೋಲ್ ಹರಿಯುವಾಗ ತಾನಾಗಿಯೇ ವಿದ್ಯುತ್ತು ಹುಟ್ಟುತ್ತದೆ. ಅದಕ್ಕೆ ಇಳಿದುಹೋಗಲು ದಾರಿ ಇಲ್ಲದಿದ್ದರೆ ಕಿಡಿಯಾಗಿ ಹಾರುತ್ತದೆ. ದೋಣಿಯ ಮೇಲೆ ಪೆಟ್ರೋಲ್ ಸುರಿಯುವ ಲೋಹದ ಬಾಯಿಗೂ ಕೆಳಗಿನ ಟ್ಯಾಂಕಿಗೂ ನಡುವೆ ಇರುವುದು ರಬ್ಬರ್ ಕೊಳವೆ. ಅದು ವಿದ್ಯುತ್ತನ್ನು ದಾಟಿಸುವುದಿಲ್ಲ. ಹಾಗಾಗಿ ಬಾಯಿಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ನೀರೊಳಗಿನ ಲೋಹದ ಫಲಕಕ್ಕೆ ಹಸಿರು ತಂತಿ ಬಿಗಿಯಬೇಕು. ದಿನಕ್ಕೆ ನಾಲ್ಕೈದು ದೋಣಿಗಳಲ್ಲಿ ತಂತಿಯಕ್ಕ ಮಾಡುವುದು ಇದನ್ನೇ.

ಅವರಿಗೆ ಈ ಕೆಲಸ ಕಲಿಸಿದ್ದು ಮನೆಗೆ ಬಂದ ಕಷ್ಟ. ಅವರ ಯಜಮಾನರು ಇದೇ ಕಟ್ಟೆಯ ಪಂಪಿನಲ್ಲಿ ಪೆಟ್ರೋಲ್ ತುಂಬಿಸುತ್ತಿದ್ದವರು, ಬಲು ಅಚ್ಚುಕಟ್ಟಿನ ಮನುಷ್ಯ. ತಮ್ಮ ಸಣ್ಣ ದೋಣಿಗೆ ಬಣ್ಣ ಬಳಿಯುವಾಗ ತಂತಿ ಬಿಚ್ಚಿ, ತುಕ್ಕು ಹಿಡಿಯದಿರಲೆಂದು ಅದರ ಅಡಿಗೂ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದರು. ನೋಡುವವರಿಗೆ ಎಲ್ಲವೂ ಸರಿಯಾಗಿತ್ತು. ಆದರೆ ತಂತಿಗೂ ಲೋಹಕ್ಕೂ ನಡುವೆ ಬಣ್ಣದ ಪೊರೆ ಕೂತಿತ್ತು. ಮರುದಿನ ಪೆಟ್ರೋಲ್ ತುಂಬಿಸುವಾಗ ಕಿಡಿ ಹಾರಿತು, ಎರಡೂ ಕೈ ಮೊಣಕೈವರೆಗೆ ಬೆಂದುಹೋದವು.

"ಅಸಡ್ಡೆಯಿಂದ ಆಗಿದ್ದಲ್ಲ. ಅಕ್ಕರೆ ಜಾಸ್ತಿಯಾಗಿ ಆಗಿದ್ದು," ಎನ್ನುತ್ತಾರೆ ತಂತಿಯಕ್ಕ.

ಗಂಡ ಆಸ್ಪತ್ರೆಯಲ್ಲಿದ್ದ ತಿಂಗಳುಗಳಲ್ಲೇ ಅವರು ಕಟ್ಟೆಯ ಹಳೆಯ ಮೆಕ್ಯಾನಿಕ್ ಒಬ್ಬರ ಬೆನ್ನು ಬಿದ್ದು ಈ ಕೆಲಸ ಕಲಿತರು. ಮನೆಗೆ ಬಂದ ಮೇಲೂ ಯಜಮಾನರು ಬೆಂಕಿಯ ಭಯಕ್ಕೆ ಒಲೆ ಹಚ್ಚುವ ಗೋಜಿಗೆ ಹೋಗಲಿಲ್ಲ. ಪೈಪು ಮುಟ್ಟದೆ, ಪಂಪಿನ ಗೂಡಿನೊಳಗೆ ಲೆಕ್ಕ ಬರೆಯುತ್ತ ಕೂತು ವರ್ಷಗಳನ್ನು ಕಳೆದರು. ನಿನ್ನೆ ಊಟಕ್ಕೆ ಕೂತಾಗ, ನಾಳೆಯಿಂದ ಮತ್ತೆ ಪೈಪು ಹಿಡಿಯುತ್ತೇನೆ ಎಂದರಂತೆ.

ಅವರು ಇವತ್ತು ಮೊದಲು ತುಂಬಿಸಬೇಕಿರುವುದು ಇದೇ ಬಿಳಿ ದೋಣಿಗೆ. ಅದಕ್ಕೇ ತಂತಿಯಕ್ಕ ಬಿಗಿದ ನಟ್ಟನ್ನು ಬಿಚ್ಚಿ, ಮತ್ತೆ ಉಜ್ಜಿ, ಮತ್ತೆ ಬಿಗಿಯುತ್ತಾರೆ. ಹೊತ್ತಾಯಿತೆಂದು ದೋಣಿಯ ಮಾಲೀಕ ಗೊಣಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆಯೇ ಎಂದು ನೋಡುವ ಮೀಟರಿನ ಮುಳ್ಳು ಸರಿಯಾದ ಗೆರೆಗೆ ಬಂದು ನಿಂತ ಮೇಲೆಯೇ ಮೇಲೇಳುತ್ತಾರೆ.

ಯಜಮಾನರು ಬರುತ್ತಾರೆ. ಸುಟ್ಟು ಮುದುಡಿದ ಬೆರಳುಗಳು ಪೈಪಿನ ತುದಿಯನ್ನು ಮೊದಲು ಲೋಹದ ಬಾಯಿಗೆ ತಾಗಿಸುತ್ತವೆ. "ಎಲ್ಲರೂ ಇಳಿದು ದೂರ ಹೋಗಿ," ಎನ್ನುತ್ತಾರೆ ಅವರು. ಮಾಲೀಕ ಇಳಿಯುತ್ತಾನೆ. ತಂತಿಯಕ್ಕ ಗಂಡನ ಪಕ್ಕದಿಂದ ಕದಲುವುದಿಲ್ಲ. ಟ್ಯಾಂಕು ತುಂಬುತ್ತದೆ, ಏನೂ ಆಗುವುದಿಲ್ಲ.

ನೀವೇಕೆ ಇಳಿಯಲಿಲ್ಲ ಎಂದು ಆಮೇಲೆ ಕೇಳಿದರೆ, ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ: "ತಂತಿ ಕಟ್ಟಿದವಳೇ ದೂರ ಹೋಗಿ ನಿಂತ್ರೆ, ಅವ್ರು ಯಾರನ್ನ ನಂಬಿ ಪೈಪ್ ಹಿಡೀಬೇಕು?"